ಮೂರನೇ ಸಿಲಿಂಡರ್ ಮತ್ತು ನನ್ನ ಹುಬ್ಬು

ಹೋದ ತಿಂಗಳು ಕೊಪ್ಪಳದ ಐಟಿಐಗೆ ನನ್ನನ್ನು ಮಾತಾಡಲು ಕರೆದಿದ್ದರು. ಮೋಟರ್ ಮೆಕ್ಯಾನಿಕ್ ಟ್ರೇಡಿಗೆ ಈ ಸಲ ಹೆಣ್ಣುಮಕ್ಕಳೂ ಸೇರಿದ್ದಾರೆ, ಅವರಿಗೆ ನಾಲ್ಕು ಮಾತು ಹೇಳಿ ಅಂತ. ಕಾನ್ವೆಂಟಿನ ಹಳೇ ರೂಢಿಯಂತೆ ಕಾರ್ಡುಗಳ ಮೇಲೆ ಪಾಯಿಂಟ್ಸ್ ಬರೆದುಕೊಂಡು ಹೋಗಿದ್ದೆ. ಡಿಸಿಪ್ಲಿನ್, ಪಂಕ್ಚುಯಾಲಿಟಿ, ಸೇಫ್ಟಿ. ಹುಡುಗಿಯರು ಪಾಪ, ಕೈಕಟ್ಟಿಕೊಂಡು ಕೇಳಿದರು. ಕೊನೆಗೆ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು, "ಮೇಡಂ, ನೀವು ಯಾವಾಗರ ತಪ್ಪು ಮಾಡಿದ್ರೇನ್ರಿ? ದೊಡ್ಡ ತಪ್ಪು?" ಅಂತ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಬೆಲ್ ಆಯಿತು, ಚಹಾ ಬಂತು, ಶಾಲು ಹೊದಿಸಿದರು. ಉತ್ತರ ಉಳಿದೇ ಹೋಯಿತು.

ಶಾಲು ಕಪಾಟಿನಲ್ಲಿದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದವಳಲ್ಲ. ನಮ್ಮ ತಂದೆ ಮುನಿರಾಬಾದಿನಲ್ಲಿ ಕಾಲುವೆ ಕಚೇರಿಯ ಡ್ರಾಫ್ಟ್ಸ್‌ಮನ್. ನನ್ನನ್ನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿಗೆ ಹಾಕಿದ್ದರು. ಅಲ್ಲಿ ನಾನು ಗೆದ್ದ ಏಕೈಕ ಪ್ರೈಜ್ ಎಲೊಕ್ಯೂಷನ್ನಿನದು. ಬೆನ್ನು ನೆಟ್ಟಗೆ, ಗದ್ದ ಮೇಲೆ, ಕೊನೇ ಸಾಲಿನಲ್ಲಿ ತೂಕಡಿಸುವವಳಿಗೂ ಮುಟ್ಟುವಂತೆ ಒಂದೊಂದು ಅಕ್ಷರ. ಮದುವೆಯಾಗಿ ಗಂಗಾವತಿಗೆ ಬಂದಾಗ ಈ ವಿದ್ಯೆ ಸೊಸೆಗೆ ಏನು ಉಪಯೋಗ ಅಂತ ಅತ್ತೆಯವರು ನಗುತ್ತಿದ್ದರು. ಮಗಳು ಸಾಲಿಗೆ ಹೋಗಲು ಶುರುಮಾಡಿದ ವರ್ಷ, ಊರ ಹೊರಗಿನ ಗ್ಯಾರೇಜಿನಲ್ಲಿ ಇಂಗ್ಲಿಷ್ ಬಲ್ಲ ಒಬ್ಬರು ಬೇಕಾಗಿದ್ದಾರೆ ಅಂತ ಗೊತ್ತಾಯಿತು. ಮುಂಬೈಗೆ ಬಿಡಿಭಾಗಗಳಿಗಾಗಿ ಪತ್ರ ಟೈಪ್ ಮಾಡಬೇಕು, ಅಷ್ಟೇ ಅಂದುಕೊಂಡು ಹೋದೆ.

ಗ್ಯಾರೇಜಿನ ಮಾಲೀಕರನ್ನು ಎಲ್ಲರೂ ಧಣೇರು ಅನ್ನುತ್ತಿದ್ದರು. ಮೊದಲ ದಿನವೇ ಅವರು ಆಯಿಲ್ ಕುಡಿದು ದಪ್ಪಗಾಗಿದ್ದ ಒಂದು ಸರ್ವಿಸ್ ಮ್ಯಾನುಯಲ್ಲನ್ನು ನನ್ನ ಕೈಗಿಟ್ಟು, ಬಾನೆಟ್ಟಿನೊಳಗೆ ತಲೆ ಹಾಕಿ ನಿಂತವರೊಬ್ಬರನ್ನು ತೋರಿಸಿದರು.

"ಇದನ್ನ ಮಿಸ್ತ್ರಿಗೆ ಓದಿ ಹೇಳ್ರಿ. ಅವಂಗ ಎಲ್ಲಾ ಬರತೈತಿ, ಇಂಗ್ಲೀಷ್ ಒಂದ ಬಿಟ್ಟು. ನಿಮಗ ಇಂಗ್ಲೀಷ್ ಬಿಟ್ರ ಏನೂ ಬರಂಗಿಲ್ಲ. ಇಬ್ಬರೂ ಕೂಡಿದ್ರ ಒಬ್ಬ ಎಂಜಿನಿಯರ್ ಆಕ್ಕೀರಿ."

ಆ ತಲೆ ಹೊರಗೆ ಬಂತು. ಅವರೇ ಮೌನಪ್ಪ ಮಿಸ್ತ್ರಿ. ಕುಷ್ಟಗಿ ಕಡೆಯ ಕಮ್ಮಾರರ ಮನೆತನದವರು. ಅವರಪ್ಪ ಎತ್ತಿನ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಕೂಡಿಸುವಾಗ, ಸರಿಯಾಗಿ ಬಿಗಿದುಕೊಂಡಿತೋ ಇಲ್ಲವೋ ಅನ್ನುವುದನ್ನು ಸುತ್ತಿಗೆಯಿಂದ ಬಡಿದು ಸಪ್ಪಳದಿಂದಲೇ ಹೇಳುತ್ತಿದ್ದರಂತೆ. ಆ ಕಿವಿ ಮಗನಿಗೂ ಬಂದಿತ್ತು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಒಳಗೆ ಯಾವ ವಾಲ್ವ್ ಜಗಳಾಡುತ್ತಿದೆ ಅಂತ ಹೇಳಬಲ್ಲವರು.

ಹೀಗೆ ನಮ್ಮ ಕೆಲಸದ ಪದ್ಧತಿ ಶುರುವಾಯಿತು. ನಾನು ಕಬ್ಬಿಣದ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಎಲೊಕ್ಯೂಷನ್ ದನಿಯಲ್ಲಿ ಒಂದು ಸಾಲು ಇಂಗ್ಲಿಷ್ ಓದಿ, ಆಮೇಲೆ ಕನ್ನಡದಲ್ಲಿ ಹೇಳುವುದು. ಅವರು ಮಾಡುವುದು. ನಟ್ಟನ್ನು ಇಂತಿಷ್ಟು ಟಾರ್ಕಿನಲ್ಲಿ, ಅಂದರೆ ಇಂತಿಷ್ಟು ಬಲದಲ್ಲಿ, ಬಿಗಿಯಬೇಕು ಅಂತ ಪುಸ್ತಕದಲ್ಲಿದ್ದರೆ, ನಮ್ಮಲ್ಲಿ ಅದನ್ನು ಅಳೆಯುವ ಪಾನಾ, ಟಾರ್ಕ್ ರೆಂಚ್, ಇರಲಿಲ್ಲ.

"ಎಷ್ಟ್ ಬಿಗೀಲ್ರಿ ಅಕ್ಕಾರ?"

"ಇಪ್ಪತ್ತೈದು ಅಂತೈತ್ರಿ."

"ಇಪ್ಪತ್ತೈದಂದ್ರ ಬಾವಿ ಹಗ್ಗದ ಗಂಟೋ, ಜಡಿ ಕಟ್ಟೋ ಗಂಟೋ?"

ನಾನು ವಿಚಾರ ಮಾಡಿ, "ಜಡೀದು. ಸಾಲಿಗೆ ಹೋಗೋ ಹುಡುಗೀದು," ಅಂದೆ. ಅದು ಸರಿಯಾಯಿತು. ಆಮೇಲೆ ನಮ್ಮ ಗ್ಯಾರೇಜಿನಲ್ಲಿ ಜಡೆಗಂಟು, ಬಾವಿಗಂಟು ಅನ್ನುವುದೇ ಅಳತೆಗಳಾದವು. ಟಾರ್ಕ್ ರೆಂಚ್ ಬಂದ ಮೇಲೆ ಮಿಸ್ತ್ರಿ ಮೊದಲು ಕೈಯಿಂದ ಬಿಗಿದು, ಆಮೇಲೆ ರೆಂಚಿನಿಂದ ನೋಡಿ, "ಕೈ ಇನ್ನೂ ಐತಿ," ಅನ್ನುತ್ತಿದ್ದರು.

ನನ್ನ ಮೊದಲ ಬ್ಲಂಡರ್ ಹೇಳಲೇಬೇಕು. ಒಂದು ಪೆಟ್ರೋಲ್ ಜೀಪಿನ ವಾಲ್ವ್ ಸಂದು ಸೆಟ್ ಮಾಡುವುದಿತ್ತು. ಮ್ಯಾನುಯಲ್ಲಿನ ಎರಡು ಹಾಳೆ ಗ್ರೀಸಿಗೆ ಅಂಟಿಕೊಂಡಿದ್ದವು. ನಾನು ಒಂದರ ಶಿರೋನಾಮೆ ಓದಿ, ಹಾಳೆ ತಿರುವಿದವಳೇ ಡೀಸೆಲ್ ಎಂಜಿನ್ನಿನ ಅಂಕಿ ಓದಿದ್ದೆ. ಭಾಳ ಸ್ಪಷ್ಟವಾಗಿ, ಭಾಳ ಛಲೋ ಉಚ್ಚಾರದಲ್ಲಿ. ಮಿಸ್ತ್ರಿ ಹಾಗೆಯೇ ಮಾಡಿದರು. ಜೀಪು ಯಲಬುರ್ಗಾ ಮುಟ್ಟುವವರೆಗೂ ಕುದುರೆ ಟಾಂಗಾದಂತೆ ಟಕಟಕ ಅಂದಿತಂತೆ. ಮರುದಿನ ವಾಪಸ್ ತಂದ ಡ್ರೈವರ್ ಅಂಗಳದಲ್ಲಿ ನಿಂತು ಕೂಗಾಡಿದ. ಮಿಸ್ತ್ರಿ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸಿ ನನ್ನ ಮುಂದಿಟ್ಟರು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ. ಬಂದ ಮೇಲೆ ಅವರು, "ಓದೂ ಮುಂದ ಹಾಳಿ ನಂಬರೂ ಓದ್ರಿ," ಅಂದರು. ಅಂದಿನಿಂದ ಹಾಳೆ ನಂಬರ್ ಓದದೆ ನಾನು ಒಂದು ಸಾಲನ್ನೂ ಓದಿಲ್ಲ.

ಧಣೇರಿಂದ ಕಲಿತದ್ದು ಇನ್ನೊಂದು. ಗಾಡಿ ಬಂದ ಕೂಡಲೇ ಬಾನೆಟ್ ಎತ್ತಲು ಬಿಡುತ್ತಿರಲಿಲ್ಲ. ತಂದವರನ್ನು ಕೂಡಿಸಿ, ಕೆಡುವ ಹಿಂದಿನ ದಿನ ಏನಾಯಿತು, ಎಲ್ಲಿ ನಿಂತಿತ್ತು, ಯಾರು ಮುಟ್ಟಿದರು, ಎಲ್ಲ ಕೇಳುವುದು. "ಬ್ಯಾನಿ ಇಂದಿಂದಲ್ಲ, ನಿನ್ನಿದು," ಅನ್ನುತ್ತಿದ್ದರು, ಗಾಡಿಯ ಬೇನೆಯ ಬಗ್ಗೆ. ನನಗೆ ಆಗ ಅದು ಹರಟೆ ಅನ್ನಿಸುತ್ತಿತ್ತು. ಪುಸ್ತಕದಲ್ಲಿ ಟ್ರಬಲ್‌ಶೂಟಿಂಗ್ ಚಾರ್ಟ್ ಇರುವಾಗ ಈ ಮಾತುಕತೆ ಯಾಕೆ?

ಧಣೇರು ತೀರಿಕೊಂಡ ಮೇಲೆ ಮಗ ವೀರೇಶ ಗ್ಯಾರೇಜು ನೋಡಿಕೊಳ್ಳಲು ಬಂದ. ಕಾಮರ್ಸ್ ಓದಿದವನು, ಒಳ್ಳೆಯವನೇ, ಆದರೆ ಕೈಗೆ ಗ್ರೀಸ್ ಹಚ್ಚಿಕೊಂಡವನಲ್ಲ. ಅವನು ಸ್ಕ್ಯಾನರ್ ತರಿಸಿದ. ಹೊಸ ಗಾಡಿಗೆ ಅದನ್ನು ಚುಚ್ಚಿದರೆ ಸಾಕು, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ತಾನೇ ಬರೆದು ತೋರಿಸುತ್ತದೆ. ನಾನು ಸ್ಕ್ರೀನ್ ಓದುತ್ತಿದ್ದೆ, ಮಿಸ್ತ್ರಿ ರಿಪೇರಿ ಮಾಡುತ್ತಿದ್ದರು. ಕಿವಿಗೆ ಕೆಲಸ ಕಡಿಮೆಯಾಗುತ್ತ ಬಂತು. ಈಗ ಹಿಂದಿರುಗಿ ನೋಡಿದರೆ, ಆ ವರ್ಷಗಳಲ್ಲಿ ಏನು ನಡೆಯುತ್ತಿತ್ತು ಅನ್ನುವುದು ನಮ್ಮ ಯಾರ ಗಮನಕ್ಕೂ ಬರದೇ ಇದ್ದದ್ದು ಅದಕ್ಕೇ ಇರಬೇಕು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ.

ಗಂಗಾವತಿ ಹತ್ತಿರದ ಕ್ಯಾಂಪೊಂದರಲ್ಲಿ, ಅಂದರೆ ಕಾಲುವೆ ನೀರಿಗಾಗಿ ಆಂಧ್ರದಿಂದ ಬಂದ ರೈತರ ಊರಿನಲ್ಲಿ, ರೈಸ್ ಮಿಲ್ ಇಟ್ಟಿರುವ ಸತ್ಯನಾರಾಯಣ ಅವರ ಬಳಿ ಒಂದು ಹಳೇ ಜರ್ಮನ್ ಕಾರು ಇತ್ತು. ಸ್ಕ್ಯಾನರುಗಳ ಕಾಲಕ್ಕಿಂತ ಮುಂಚಿನದು, ಆದರೂ ಫ್ಯೂಯೆಲ್ ಇಂಜೆಕ್ಷನ್ ಇರುವಂಥದು. ಕಾರ್ಬೋರೇಟರ್ ಇಲ್ಲ. ನಾಲ್ಕು ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್, ಅಂದರೆ ಪೆಟ್ರೋಲನ್ನು ಮಂಜಿನ ಹಾಗೆ ಸಿಂಪಡಿಸುವ ಸಣ್ಣ ಮೂತಿ. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ಎಲ್ಲ ಒತ್ತಡದ ಮೇಲೆ ನಡೆಯುವುದು. ಅವರು ಆ ಕಾರನ್ನು ಡ್ರೈವರನ ಕೈಗೂ ಕೊಡುತ್ತಿರಲಿಲ್ಲ. ತಾವೇ ತೊಳೆಯುವುದು, ತಾವೇ ಓಡಿಸುವುದು.

ಒಂದು ಬೆಳಗ್ಗೆ ಆ ಕಾರು ಕುಂಟುತ್ತ ಬಂತು. ಆನೆಗೊಂದಿ ಕಡೆ ಹೊರಟಿದ್ದರಂತೆ, ಬಂಡೆಗಳ ನಡುವಿನ ಏರಿನಲ್ಲಿ ಒಮ್ಮೆಲೇ ಮಿಸ್ಸಿಂಗ್ ಹೊಡೆಯಲು ಶುರುವಾಗಿದೆ.

"ಚೆನ್ನಾಗಿ ಹೋಗ್ತಾ ಇತ್ತಮ್ಮಾ. ಸಡನ್ನಾಗಿ ಯಾರೋ ಹಿಂದೆ ಹಿಡಿದು ಜಗ್ಗಿದ ಹಾಗೆ," ಅಂದರು ಸತ್ಯನಾರಾಯಣ.

ವೀರೇಶ ಸ್ಕ್ಯಾನರ್ ಹಿಡಿದುಕೊಂಡು ಕಾರಿನ ಸುತ್ತ ಎರಡು ಸುತ್ತು ಹಾಕಿದ. "ಕಾಕಾ, ಇದಕ್ಕ ಎಲ್ಲಿ ಚುಚ್ಚೋದು?"

"ಇದಕ್ಕ ಚುಚ್ಚಂಗಿಲ್ಲಪ್ಪಾ, ಇದು ನಿನಗಿಂತ ಹಿರೇದು," ಅಂದರು ಮಿಸ್ತ್ರಿ.

ನಾನು ಬೇರೇನೂ ಕೇಳದೆ ನೇರ ಮ್ಯಾನುಯಲ್ ತೆಗೆದೆ. ಹಾಳೆ ನಂಬರ್ ಓದಿದೆ. ಅದರಲ್ಲಿ ಹಿಂದೆ ಯಾರೋ ಪೆನ್ಸಿಲಿನಲ್ಲಿ ಒಂದು ನೋಟ್ ಬರೆದಿದ್ದರು: ಈ ಎಂಜಿನ್ನಿನಲ್ಲಿ ಮೂರನೇ ಇಂಜೆಕ್ಟರ್ ಮೊದಲು ಕಟ್ಟಿಕೊಳ್ಳುತ್ತದೆ ಅಂತ. ಅದನ್ನು ಓದಿ ನನಗೆ ಖುಷಿಯಾಯಿತು. ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಸಿಕ್ಕಂತೆ.

ಕೆಡದ ಸಿಲಿಂಡರ್ ಯಾವುದು, ಕೆಟ್ಟದ್ದು ಯಾವುದು ಅಂತ ನೋಡುವ ಹಳೇ ಪದ್ಧತಿ ಇದು. ಎಂಜಿನ್ ಚಾಲೂ ಇರುವಾಗ ಒಂದೊಂದೇ ಪ್ಲಗ್ಗಿನ ವೈರ್ ಕಿತ್ತು ನೋಡುವುದು. ಕಿತ್ತಾಗ ಎಂಜಿನ್ ಇನ್ನೂ ಕುಂಟಿದರೆ, ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಕಿತ್ತರೂ ಏನೂ ಫರಕು ಬೀಳದಿದ್ದರೆ ಅದೇ ಸತ್ತದ್ದು. ಮಿಸ್ತ್ರಿ ಶಾಕ್ ಹೊಡೆಯದಂತೆ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಪಕ್ಕಡದಿಂದ ಒಂದನೇ ವೈರ್ ಎತ್ತಿದರು, ನನ್ನ ಕಡೆ ನೋಡಿದರು. ಎರಡನೇದು ಎತ್ತಿದರು, ನೋಡಿದರು. ಮೂರನೇದು ಎತ್ತಿದರು, ನೋಡಿದರು. ನಾಲ್ಕನೇದನ್ನು ಎತ್ತಲೇ ಇಲ್ಲ.

"ಮೂರನೇದರಿ," ಅಂದರು.

"ನನಗೂ ಹಂಗ ಅನಸ್ತು," ಅಂದೆ ನಾನು.

ಇಂಜೆಕ್ಟರ್ ಮುಂಬೈಯಿಂದ ಬರಲು ಮೂರು ವಾರ ಹಿಡಿಯಿತು. ಈ ನಡುವೆ ನನ್ನ ಕಣ್ಣಿನ ಪೊರೆ ಆಪರೇಷನ್ ಆಯಿತು. ನಾನು ರಜೆಯಲ್ಲಿದ್ದಾಗಲೇ ಮಿಸ್ತ್ರಿ ಹೊಸ ಇಂಜೆಕ್ಟರ್ ಹಾಕಿ ಎಂಜಿನ್ ಚಾಲೂ ಮಾಡಿದರು. ಕಾರು ಮೊದಲಿನ ಹಾಗೆಯೇ ಕುಂಟಿತು.

ಒಂದು ಶುಕ್ರವಾರ ನಾನು ಕೆಲಸಕ್ಕೆ ಮರಳಿದಾಗ ವೀರೇಶ ಆಫೀಸ್ ರೂಮಿಗೆ ಕರೆದ. ಗಾಜಿನ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ಮಿಸ್ತ್ರಿ ಕಾರಿನ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತಿದ್ದರು.

"ಆಂಟಿ, ನಿಮಗೊಬ್ಬರಿಗೇ ಹೇಳ್ತೀನಿ. ಸೋಮವಾರ ಸತ್ಯನಾರಾಯಣ ಅವರು ಗಾಡಿ ಹೊಸಪೇಟಿಗೆ ಜಗ್ಗಿಸ್ಕೊಂಡು ಹೋಗ್ತಾರಂತ. ನಮ್ಮ ಅಂಗಳದಿಂದ ಒಂದೂ ಗಾಡಿ ಹಗ್ಗ ಕಟ್ಟಿಸ್ಕೊಂಡು ಹೋಗಿಲ್ಲ ಇವತ್ತಿನ ತನಕ. ಅದು ಹ್ವಾದ್ರ ನಾ ಕಾಕಾಗ ರೆಸ್ಟ್ ತಗೋರಿ ಅನ್ನಾಕ ಬೇಕು. ವಯಸ್ಸಾತಲ್ಲ. ಈ ವರ್ಷ ಇದು ಮೂರನೇ ಸರ್ತಿ ತಪ್ಪು ಹೇಳಿದ್ದು."

"ನಿಮ್ಮಪ್ಪ ಇದ್ದಿದ್ರ ಹಂಗ ಅಂತಿದ್ರೇನಪ್ಪಾ?"

"ಅಪ್ಪ ಇದ್ದಾಗ ಕಾಕಾ ತಪ್ಪು ಹೇಳ್ತಿರಲಿಲ್ಲ."

ಹೊರಗೆ ಬಂದಾಗ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ಸೋಮವಾರ ನನ್ನ ಮನೀಗ ಕಳಸ್ತಾನಂತಲ್ರಿ?" ಅಂದರು.

"ಯಾರ್ ಹೇಳಿದ್ರು ನಿಮಗ?"

"ಅವನ ಬಾಯಿನ ಹೇಳ್ತಲ್ರಿ, ಕಾಜಿನ ಹಿಂದ."

ಜೋಕ್ ಅಂದುಕೊಂಡೆ. ಅವರು ನಗಲಿಲ್ಲ. "ಅಕ್ಕಾರ, ಮನ್ಯಾಗ ನನಗ ಏನೈತ್ರಿ ಕೆಲಸ? ಸೊಸಿ ಟೀವಿ ಹಚ್ಚಿ ಕೂಡಸ್ತಾಳ. ನಾ ಸಪ್ಪಳ ಬರಾಕತ್ತೈತೇನು ಅಂತ ನೋಡಕೋತ ಕೂಡೋದು," ಅಂದರು. ಆ ಮಾತಿನ ಅರ್ಥವೂ ನನಗೆ ಆಗ ಹೊಳೆಯಲಿಲ್ಲ.

ಶನಿವಾರ ಮತ್ತೆ ಮೊದಲಿನಿಂದ ನೋಡೋಣ ಅಂದೆ. ಸತ್ಯನಾರಾಯಣ ಅವರೂ ಬಂದು ಸ್ಟೂಲಿನ ಮೇಲೆ ಕೂತರು, ಹೊಸಪೇಟೆಗೆ ಒಯ್ಯುವ ಗಾಡಿಯ ನಂಬರ್ ಕಿಸೆಯಲ್ಲಿಟ್ಟುಕೊಂಡೇ. ನನ್ನ ಅವತಾರ ನೋಡಬೇಕಿತ್ತು. ಕಣ್ಣಾಸ್ಪತ್ರೆಯವರು ಕೊಟ್ಟ ದೊಡ್ಡ ಕರೀ ಪ್ಲಾಸ್ಟಿಕ್ ಕನ್ನಡಕ, ಹುಬ್ಬಿನಿಂದ ಕೆನ್ನೆಯವರೆಗೆ ಮುಚ್ಚುವಂಥದು. ಓದುವ ಹಾಗಿಲ್ಲ, ಬಿಸಿಲಿಗೆ ತೆಗೆಯುವ ಹಾಗಿಲ್ಲ ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ಮ್ಯಾನುಯಲ್ ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು.

ಎಂಜಿನ್ ಚಾಲೂ ಆಯಿತು. ಮಿಸ್ತ್ರಿ ಒಂದನೇ ವೈರ್ ಎತ್ತಿ ನನ್ನ ಕಡೆ ನೋಡಿದರು. ಇಟ್ಟರು. ಎರಡನೇದು ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ಏನಂತೀರಿ ಅಕ್ಕಾರ?"

"ನೀವ ಹೇಳ್ರಿ ಮಿಸ್ತ್ರಿ, ನಿಮ್ಮ ಕಿವಿ ಅಲ್ಲೇನು?"

ಪಕ್ಕಡದ ತುದಿಯಲ್ಲಿ ವೈರ್ ಚಟಪಟ ಅನ್ನುತ್ತಿತ್ತು. ಅವರ ಹಣೆಯ ಮೇಲೆ ಬೆವರು. "ಆ ಕನ್ನಡಕ ಒಂದ ಸರ್ತಿ ತಗೀರಿ."

"ತಗೀಬ್ಯಾಡಂದಾರ್ರೀ ಡಾಕ್ಟರ್. ಯಾಕ?"

ನನ್ನ ಮುಖವನ್ನು, ಅಂದರೆ ಆ ಕರೀ ಪ್ಲಾಸ್ಟಿಕ್ಕನ್ನು, ಹಾಗೆಯೇ ನೋಡುತ್ತ ನಿಂತರು. ಸಾಲಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗ ಪಕ್ಕದವನ ಪಾಟಿ ನೋಡಲು ಹೋದಾಗ, ಅವನು ಕೈ ಅಡ್ಡ ಇಟ್ಟರೆ ಮುಖ ಹೇಗಾಗುತ್ತದೋ ಹಾಗೆ.

ಆಗ ನನಗೆ ತಿಳಿಯಿತು. ಎಷ್ಟೋ ದಿನದಿಂದ, ವೈರ್ ಕಿತ್ತಾಗಲೆಲ್ಲ ಅವರು ನನ್ನ ಕಡೆ ನೋಡುತ್ತಿದ್ದದ್ದು ಮುಂದಿನ ಸಾಲು ಓದಲಿ ಅಂತ ಅಲ್ಲ. ಅವರಿಗೆ ಕೇಳುತ್ತಿರಲಿಲ್ಲ. ಎಂಜಿನ್ನಿನ ಸಪ್ಪಳದಲ್ಲಿ ಫರಕಾಯಿತೋ ಇಲ್ಲವೋ ಅನ್ನುವುದನ್ನು ನನ್ನ ಮುಖದಲ್ಲಿ ಓದುತ್ತಿದ್ದರು. ಮೂರು ವಾರದ ಹಿಂದೆ ಮೂರನೇ ವೈರ್ ಎತ್ತಿದಾಗ, ಪೆನ್ಸಿಲಿನ ನೋಟ್ ಓದಿಕೊಂಡಿದ್ದ ನಾನು, ಎಂಜಿನ್ ಏನಂದಿತು ಅಂತ ಕೇಳುವ ಮುಂಚೆಯೇ ಹುಬ್ಬು ಏರಿಸಿದ್ದೆ. ಅವರು ನನ್ನ ಹುಬ್ಬು ನೋಡಿ ಮೂರು ಅಂದರು. ಅವರು ಮೂರು ಅಂದರಲ್ಲ ಅಂತ ನಾನು ನಂಬಿದೆ. ಅವರು ಕೇಳುತ್ತಾರೆ ಅಂತ ನಾನು, ನಾನು ಕೇಳುತ್ತೇನೆ ಅಂತ ಅವರು. ಆ ದಿನ ಎಂಜಿನ್ನಿನ ಮಾತನ್ನು ಯಾರೂ ಕೇಳಿರಲಿಲ್ಲ.

"ಮಿಸ್ತ್ರಿ, ಇನ್ನೊಮ್ಮೆ ಒಂದರಿಂದ ಹಿಡೀರಿ," ಅಂದೆ, ಬೆರಳು ಎತ್ತಿ ತೋರಿಸಿ.

ಕನ್ನಡಕದ ಹಿಂದೆ ಕಣ್ಣು ಮುಚ್ಚಿದೆ. ಇಷ್ಟು ವರ್ಷ ಗ್ಯಾರೇಜಿನಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದವಳು, ನಾನೇ ಸುಮ್ಮನಿದ್ದು ಕೇಳಿದ್ದು ಅದೇ ಮೊದಲು. ಒಂದನೇದು ಎತ್ತಿದಾಗ ಎಂಜಿನ್ ತಗ್ಗಿಗೆ ಬಿದ್ದಂತೆ ಕುಸಿಯಿತು. ಎರಡನೇದು. ಏನೂ ಆಗಲಿಲ್ಲ, ಅದೇ ಕುಂಟು, ಅದೇ ಲಯ. ಮೂರನೇದಕ್ಕೆ ಮತ್ತೆ ಕುಸಿಯಿತು. ನಾಲ್ಕನೇದಕ್ಕೂ ಕುಸಿಯಿತು. ಇಷ್ಟು ಸ್ಪಷ್ಟ ಇತ್ತು. ಎಲೊಕ್ಯೂಷನ್ ಪ್ರೈಜಿಗೆ ಯೋಗ್ಯವಾಗುವಷ್ಟು ಸ್ಪಷ್ಟ.

ಎರಡು ಬೆರಳು ಎತ್ತಿದೆ. ಮಿಸ್ತ್ರಿ ಬೆರಳು ನೋಡಿದರು, ನನ್ನನ್ನು ನೋಡಿದರು, ಎರಡನೇ ಇಂಜೆಕ್ಟರ್ ಬಿಚ್ಚಲು ಬಗ್ಗಿದರು.

ಇಲ್ಲಿಂದ ಮುಂದೆ ಅವರ ಕೈಯ ಕೆಲಸ. ಎರಡನೇ ಇಂಜೆಕ್ಟರನ್ನು ಗಾಜಿನ ಬಾಟಲಿಯೊಳಗೆ ಇಳಿಬಿಟ್ಟು ಪೆಟ್ರೋಲ್ ಬಿಟ್ಟೆವು. ಮಂಜಿನ ಕೊಡೆ ಅರಳಿದಂತೆ ಚೆಂದ ಸಿಂಪಡಿಸಿತು. ಹಾಗಾದರೆ ಪೆಟ್ರೋಲಿನದಲ್ಲ. ಎರಡನೇ ಪ್ಲಗ್ಗನ್ನು ನಾಲ್ಕನೇದಕ್ಕೆ ಹಾಕಿ, ನಾಲ್ಕನೇದನ್ನು ಎರಡನೇದಕ್ಕೆ ಹಾಕಿದರು. ರೋಗ ಪ್ಲಗ್ಗಿನ ಜೊತೆ ಹೋಗಲಿಲ್ಲ, ಎರಡರಲ್ಲೇ ಉಳಿಯಿತು. ವೈರ್ ಅದಲುಬದಲು ಮಾಡಿದರು. ಆಗಲೂ ಎರಡರಲ್ಲೇ ಉಳಿಯಿತು. ಮಿಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಪುಸ್ತಕ ಓದುವ ಹಾಗಿದ್ದರೆ ನಾನು ಮತ್ತೆ ಚಾರ್ಟ್ ತೆಗೆಯುತ್ತಿದ್ದೆನೋ ಏನೋ. ಇಲ್ಲದ್ದಕ್ಕೆ ಧಣೇರ ಹಾಗೆ ಸತ್ಯನಾರಾಯಣ ಅವರ ಎದುರು ಕೂತೆ.

"ಆನೆಗೊಂದಿಗೆ ಹೊರಟ ಹಿಂದಿನ ದಿನ ಏನ್ ಮಾಡಿದ್ರಿ ಸರ್?"

"ಏನೂ ಮಾಡಿಲ್ಲಮ್ಮಾ."

"ಗಾಡಿ ಮುಟ್ಟಲೇ ಇಲ್ಲೇನ್ರಿ?"

"ಮುಟ್ಟದೇ ಹೇಗೆ? ಅಮಾವಾಸ್ಯೆ ಅಲ್ವಾ. ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದೆ. ಪ್ರತಿ ಅಮಾವಾಸ್ಯೆಗೂ ಮಾಡ್ತೀನಿ."

"ಎಂಜಿನ್ನೂ ತೊಳದ್ರಿ?"

ಅವರು ತುಸು ಮೆಲ್ಲಗಾದರು. "ಅವತ್ತು ಲೇಟಾಗಿತ್ತು. ಕಾರಟಗಿಯಿಂದ ಬಂದ ಕೂಡಲೇ ಪೈಪ್ ಹಿಡಿದುಬಿಟ್ಟೆ."

"ಬಿಸಿ ಇದ್ದಾಗ?"

"ಪೂಜೆಗೆ ಟೈಮ್ ಆಗಿತ್ತಮ್ಮಾ!"

ನಾನು ಮಿಸ್ತ್ರಿಯ ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ನಿಧಾನ ಹೇಳಿದೆ: ಕಾದ ಎಂಜಿನ್ನು, ತಣ್ಣೀರು. ಅವರ ಕಣ್ಣು ನೇರ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಹೋಯಿತು. ನಾಲ್ಕೂ ಪ್ಲಗ್ಗಿಗೆ ಕರೆಂಟ್ ಹಂಚುವ ಕರೀ ಮುಚ್ಚಳ ಅದು. ಒರೆಸಿ ನೋಡಿದರು, ಏನೂ ಕಾಣಲಿಲ್ಲ. ಕಪ್ಪಿನ ಮೇಲೆ ಕೂದಲಿನಷ್ಟು ಸಣ್ಣ ಬಿರುಕು ಹಗಲಿನಲ್ಲಿ ಕಾಣುವುದೂ ಇಲ್ಲ.

"ಕತ್ತಲಿ ಬೇಕು," ಅಂದರು. "ಕಂಬಳಿ ತರ್ರಿ."

ವಾಚ್‌ಮನ್ನನ ಕಂಬಳಿ ಬಂತು. ಎತ್ತಿದ ಬಾನೆಟ್ಟಿನ ಮೇಲಿಂದ ಗುಡಾರದಂತೆ ಇಳಿಬಿಟ್ಟು, ಫ್ಯಾನಿಗೆ ತಾಗದ ಹಾಗೆ ಒಂದು ಮೂಲೆಯನ್ನು ವೀರೇಶನ ಕೈಗೆ, ಇನ್ನೊಂದನ್ನು ಸತ್ಯನಾರಾಯಣ ಅವರ ಕೈಗೆ ಕೊಟ್ಟರು. ರೈಸ್ ಮಿಲ್ಲಿನ ಮಾಲೀಕರು ನಡು ಮಧ್ಯಾಹ್ನ ಕಂಬಳಿ ಹಿಡಿದು ನಿಂತದ್ದು ನೋಡಿ ರಸ್ತೆಯಲ್ಲಿ ಹೋಗುವವನೊಬ್ಬ, "ಏನ್ರೀ, ಫೋಟೋ ತಗಸಾಕ್ಹತ್ತೀರೇನು?" ಅಂತ ಕೇಳಿದ. ನಾನು ಕನ್ನಡಕ ತೆಗೆದು ಮಿಸ್ತ್ರಿಯ ಜೊತೆ ಒಳಗೆ ತಲೆ ಹಾಕಿದೆ. ಕುರಿಯ ವಾಸನೆ, ಪೆಟ್ರೋಲಿನ ವಾಸನೆ, ಮೈಮೇಲೆ ಎಂಜಿನ್ನಿನ ಝಳ. ಪಕ್ಕದಲ್ಲಿ ಅವರ ಉಸಿರು. ಹೊರಗಿನವರಿಗೆ ಕೇಳದ ಹಾಗೆ, ಮೆಲ್ಲಗೆ ಕೇಳಿದೆ.

"ಮಿಸ್ತ್ರಿ, ಎಷ್ಟು ದಿನಾ ಆತ್ರಿ ಕೇಳಸದಂಗ ಆಗಿ?"

ಅವರು ಮಾತಾಡಲಿಲ್ಲ. ಕೋಪ ಬಂತೇನೋ ಅಂದುಕೊಂಡೆ. ಆಮೇಲೆ ಹೊಳೆಯಿತು. ಆ ಕತ್ತಲೆಯಲ್ಲಿ ಅವರಿಗೆ ನನ್ನ ತುಟಿ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದು ತಟ್ಟಿದರು. "ಅಲ್ಲಿ. ನೋಡ್ರಿ."

ಎರಡನೇ ವೈರ್ ಕೂಡುವ ಬುಡದಿಂದ ಒಂದು ನೀಲಿ ಎಳೆ, ದಾರದಷ್ಟು ಸಣ್ಣದು, ಮುಚ್ಚಳದ ಮೇಲೆ ಹರಿದು ಕಬ್ಬಿಣದ ಕ್ಲಿಪ್ಪಿಗೆ ಇಳಿಯುತ್ತಿತ್ತು. ಚಿಟ್, ಚಿಟ್, ಚಿಟ್. ಎರಡನೇ ಸಿಲಿಂಡರಿಗೆ ಹೋಗಬೇಕಾದ ಬೆಂಕಿ ದಾರಿ ತಪ್ಪಿ ಹೊರಗೇ ಸುರಿದು ಹೋಗುತ್ತಿತ್ತು.

"ಭಾಳ ಚಂದೈತ್ರಿ," ಅಂದರು ಮಿಸ್ತ್ರಿ. ಚಿಟ್ ಅನ್ನುವ ಸಪ್ಪಳ ಅವರಿಗೆ ಕೇಳಿರಲಿಲ್ಲ. ಆದರೆ ಅದನ್ನು ಮೊದಲು ಕಂಡವರು ಅವರೇ. ನನ್ನ ಹೊಸ ಕಣ್ಣಿಗಿಂತ ಮುಂಚೆ.

ಹೊಸ ಕ್ಯಾಪ್ ಬರುವವರೆಗೆ ಕಾದರೆ ಸೋಮವಾರ ಕಳೆದೇ ಹೋಗುತ್ತದೆ. ಮಿಸ್ತ್ರಿ ಬಿರುಕಿನಲ್ಲಿ ಕೂತ ಮಸಿಯನ್ನು ಬ್ಲೇಡಿನ ಮೂಲೆಯಿಂದ ಕೆರೆದು ತೆಗೆದು, ಒಣ ಬಟ್ಟೆಯಿಂದ ಒರೆಸಿ, ನನ್ನ ಕಡೆ ತಿರುಗಿದರು. "ಅಕ್ಕಾರ, ಉಗುರಿಗೆ ಹಚ್ಚೋದು ಐತೇನ್ರಿ?" ಕಾನ್ವೆಂಟಿನಲ್ಲಿ ನೇಲ್ ಪಾಲಿಶ್ ಹಚ್ಚಿದರೆ ಬೆರಳಿಗೆ ಸ್ಕೇಲ್ ಬೀಳುತ್ತಿತ್ತು. ಅದೇ ಹಟಕ್ಕೆ ನನ್ನ ಪರ್ಸಿನಲ್ಲಿ ಇವತ್ತಿಗೂ ಒಂದು ಬಾಟಲಿ ಇರುತ್ತದೆ. ತಿಳಿ ಗುಲಾಬಿ ಬಣ್ಣದ್ದು. ಮೂರು ಪದರ ಹಚ್ಚಿದರು, ಪ್ರತಿ ಪದರಕ್ಕೂ ಊದಿ ಒಣಗಿಸಿ, ಮದುಮಗಳ ಕೈಗೆ ಹಚ್ಚಿದಷ್ಟು ನಾಜೂಕಾಗಿ. ಕ್ಯಾಪ್ ಕೂಡಿಸಿ ಎಂಜಿನ್ ಚಾಲೂ ಮಾಡಿದರೆ ನಾಲ್ಕೂ ಸಿಲಿಂಡರ್ ಒಂದೇ ಉಸಿರಿನಲ್ಲಿ ಹಾಡಿದವು.

ಸತ್ಯನಾರಾಯಣ ಅವರು ಒಂದು ಸುತ್ತು ಓಡಿಸಿಕೊಂಡು ಬಂದು, "ಇನ್ನು ಮೇಲೆ ಎಂಜಿನ್ನಿಗೆ ಹೂವು ಮಾತ್ರಮ್ಮಾ, ನೀರಿಲ್ಲ," ಅಂದು ಹೊರಟುಹೋದರು. ಮಿಸ್ತ್ರಿಗೆ ಎರಡೂ ಕೈ ಜೋಡಿಸಿದರು. ಹಗ್ಗ ಬೇಕಾಗಲಿಲ್ಲ.

ಎಲ್ಲ ಅಲ್ಲಿಗೇ ಮುಗಿಯಬಹುದಿತ್ತು. ನಾನು ಅದನ್ನೇ ಬಯಸಿದ್ದೆ. ಫ್ರಾಂಕ್ ಆಗಿ ಹೇಳಬೇಕಂದರೆ, ಅವರ ಕಿವಿಯ ಸುದ್ದಿಯನ್ನು ಮುಚ್ಚಿಟ್ಟು, ಇನ್ನು ಮೇಲೆ ಮುಖ ಸರಿಯಾಗಿ ಇಟ್ಟುಕೊಂಡರಾಯಿತು ಅಂತ ಮನಸ್ಸಿನಲ್ಲೇ ಪ್ಲ್ಯಾನ್ ಮಾಡಿದ್ದೆ. ವೀರೇಶ ಖುಷಿಯಿಂದ, "ಕಾಕಾ, ಹಂಗಾರ ಮೊದಲ ಮೂರನೇದು ಅಂತ ಯಾಕ್ ಹೇಳಿದ್ರಿ?" ಅಂದ.

"ತಪ್ಪು ನಂದು," ಅಂದೆ ನಾನು, ಅವಸರದಲ್ಲಿ.

ಮಿಸ್ತ್ರಿ ನನ್ನ ಬಾಯಿ ನೋಡಿ, ತಲೆ ಅಲ್ಲಾಡಿಸಿದರು. "ಅಲ್ಲಪ್ಪಾ. ನನಗ ಸಣ್ಣ ಸಪ್ಪಳ ಕೇಳಸಂಗಿಲ್ಲ. ಎರಡು ವರ್ಷ ಆತು. ಅಕ್ಕಾರ ಮುಖಾ ನೋಡಿ ನಡಸ್ಕೋತ ಬಂದೀನಿ."

ವೀರೇಶ ನನ್ನನ್ನು ನೋಡಿದ, ಅವರನ್ನು ನೋಡಿದ. "ನಾಳೆ... ಅಲ್ಲ, ಸೋಮವಾರ ಮಾತಾಡೋಣು ಕಾಕಾ," ಅಂದು ಆಫೀಸಿನ ಒಳಗೆ ಹೋದ.

ಮಿಸ್ತ್ರಿ ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ದಿನಾ ಹಾಕುವ ಹಾಗೆ ಅಲ್ಲ. ಮಡಚಿ, ತೋಳು ಸರಿಮಾಡಿ ಹಾಕಿದರು.

ಹೆಣ್ಣುಮಕ್ಕಳೇ, ನೀವು ಕೇಳಿದ ದೊಡ್ಡ ತಪ್ಪು ಇದು. ನಿಮ್ಮ ಕೈಗೆ ಈಗ ನನ್ನ ಮ್ಯಾನುಯಲ್ಲಿಗಿಂತ ಛಲೋ ಮಷೀನುಗಳು ಬರುತ್ತವೆ. ಅವು ಹೇಳುವ ಮುಂಚೆಯೇ ನಿಮ್ಮ ಹುಬ್ಬು ಏರಿತೋ ನೋಡಿಕೊಳ್ಳಿ. ಮತ್ತು ನಿಮ್ಮ ಮುಖ ನೋಡಿ ಯಾರು ಕೆಲಸ ಮಾಡುತ್ತಿದ್ದಾರೆ ಅನ್ನುವುದನ್ನೂ.

ಭಾನುವಾರವೆಲ್ಲ ನನಗೆ ಸಮಾಧಾನ ಇರಲಿಲ್ಲ. ಮೊಮ್ಮಗಳ ಸಾಲಿ ಚೀಲದಿಂದ ಮೂರು ತುಂಡು ಬಳಪ ತೆಗೆದು ಪರ್ಸಿಗೆ ಹಾಕಿಕೊಂಡೆ. ಸೋಮವಾರ ಬೆಳಗ್ಗೆ ಹೋದಾಗ ಮಿಸ್ತ್ರಿ ಬಂದಿದ್ದರು. ಆದರೆ ಒಳಗೆ ಬಾರದೆ, ಬಿಳೀ ಅಂಗಿಯಲ್ಲಿ, ಬೀಗರ ಮನೆಗೆ ಬಂದವರ ಹಾಗೆ ಗೇಟಿನ ಹತ್ತಿರ ನಿಂತಿದ್ದರು. ಅಂಗಳದಲ್ಲಿ ಯಲಬುರ್ಗಾದಿಂದ ಬಂದ ಹಳೇ ಪೆಟ್ರೋಲ್ ವ್ಯಾನೊಂದು ಮಿಸ್ಸಿಂಗ್ ಹೊಡೆಯುತ್ತಿತ್ತು. ವೀರೇಶ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

ನಾನು ಇಬ್ಬರಿಗೂ ಒಂದೊಂದು ಬಳಪ ಕೊಟ್ಟೆ. ಒಬ್ಬರ ಮುಖ ಒಬ್ಬರು ನೋಡಬಾರದು, ಬೆನ್ನು ತಿರುಗಿಸಿ ನಿಲ್ಲಬೇಕು, ಯಾವ ನಂಬರ್ ಅನ್ನಿಸಿತೋ ಅಂಗೈ ಮೇಲೆ ಬರೆಯಬೇಕು, ಆಮೇಲೆ ಒಟ್ಟಿಗೇ ತೋರಿಸಬೇಕು ಅಂತ ಹೇಳಿದೆ. ವೈರ್ ಕೀಳಲು ವ್ಯಾನಿನ ಡ್ರೈವರನನ್ನು ನಿಲ್ಲಿಸಿದೆ.

"ನನಗೇನ್ ತಿಳೀತೈತ್ರಿ ಆಂಟಿ?" ಅಂದ ವೀರೇಶ.

"ಕಿವಿ ಅದಾವಲ್ಲ, ಸಾಕು."

ಒಂದು, ಎರಡು, ಮೂರು, ನಾಲ್ಕು. ತಿರುಗಿ ನಿಂತೆವು. ನನ್ನ ಅಂಗೈಯಲ್ಲಿ ಒಂದು ಅಂತ ಇತ್ತು. ವೀರೇಶ ಅಳುಕುತ್ತ ಕೈ ಬಿಚ್ಚಿದ, ಅವನದರಲ್ಲೂ ಒಂದು. ಮಿಸ್ತ್ರಿ ತಮ್ಮ ಕೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ಖಾಲಿ ಇತ್ತು. ಬಳಪದ ಒಂದು ಗೆರೆಯೂ ಇರಲಿಲ್ಲ. ಹಾಗೆಯೇ ಎತ್ತಿ ಹಿಡಿದು ನಿಂತರು.

ವೀರೇಶ ಆ ಅಂಗೈಯನ್ನು ನೋಡಿದ. ಆಮೇಲೆ ಅವರ ಎದುರಿಗೆ ಬಂದು, ತುಟಿ ಕಾಣುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಒಂದನೇದು, ಕಾಕಾ. ಕೇಳೋದು ನಾ ಮಾಡೀನಿ. ಯಾಕ ಕೆಟ್ಟೈತಿ ಅನ್ನೋದು ನೀವ ನೋಡ್ರಿ."

ಮಿಸ್ತ್ರಿ ಒಳಗೆ ಹೋಗಿ, ಗೂಟದ ಮೇಲಿನ ಖಾಕಿ ಅಂಗಿ ತೆಗೆದು, ಬಿಳೀ ಅಂಗಿಯ ಮೇಲೆಯೇ ತೊಟ್ಟುಕೊಂಡು ಬಂದರು.